ಕೋಲು ಬಿಟ್ಟು ಕರೆದ ದಿನ

ನನ್ನ ಗಂಡ ಪರಮಣ್ಣ. ಹೆಸರು ಬರೆಯಲು ಈಗಲೂ ಕೈ ತಡೆಯುತ್ತದೆ. ದೇವದುರ್ಗದ ಕಡೆ ಜಾಲಹಳ್ಳಿಯಲ್ಲಿ ಕುರಿ ಕಾಯುತ್ತಿದ್ದವರು ೧೯೭೮ರಲ್ಲಿ ರಾಯಚೂರಿಗೆ ಬಂದು, ಡಾಕ್ಟರ್ ಅಬ್ದುಲ್ ವಹೀದರ ಪ್ರಯೋಗಶಾಲೆಯಲ್ಲಿ ಗಿನಿಪಿಗ್‌ಗಳಿಗೆ ಮೇವು ಹಾಕುವ ಕೆಲಸಕ್ಕೆ ಸೇರಿದರು. ಬೆಕ್ಕಿನ ಮರಿಯಷ್ಟಿರುವ, ಬಾಲವಿಲ್ಲದ ಪ್ರಾಣಿಗಳು ಅವು.

ಕ್ಷಯಕ್ಕೆ ಕೊಡುವ ಸೂಜಿಮದ್ದು ಕೆಲವರ ಕಿವಿ ಕೆಡಿಸುತ್ತದಂತೆ. ಎಷ್ಟು ಕೊಟ್ಟರೆ ಕೆಡುತ್ತದೆ ಎಂದು ಡಾಕ್ಟರು ಅವುಗಳ ಮೇಲೆ ನೋಡುತ್ತಿದ್ದರು. ಕೂಗಿದಾಗ ಕಿವಿ ಚಿಮ್ಮಿದರೆ ಕೇಳಿಸಿತು ಎಂದು ಲೆಕ್ಕ. ಕರೆಯುವ ಕೆಲಸ ನಮ್ಮವರದು.

ಆಗ ನನಗೂ ಕ್ಷಯ, ದಿನಾ ಅದೇ ಸೂಜಿ. ಕಿವಿಯೊಳಗೆ ಜೀರುಂಡೆ ಕೂತಂತಾಗುತ್ತಿತ್ತು. ಸೂಜಿ ಬಿಟ್ಟರೆ ಜೀವಕ್ಕೆ ಭಯ, ಬಿಡದಿದ್ದರೆ ಕಿವಿಗೆ. ಯಾವುದು ಸರಿಯೋ ತಿಳಿಯದೆ ಇವರು ದಿನಾ ಸಂಜೆ, ನಾನು ಜೋಳ ಹಸನು ಮಾಡುವಾಗ, ಕೋಲು ಹಿಡಿದು ಹಿಂದೆ ನಿಂತು, ಕುರಿ ಕರೆದಂತೆ "ಹುರ್ರ್, ಬಾ!" ಎನ್ನುವರು. ನಾನು ತಿರುಗುವೆ.

"ನಾ ಏನ್ ನಿಮ್ಮ ಟಗರೇನ್ರೀ?"

"ಟಗರಾಗಿದ್ರ ಹೇಳಿದ್ ಮಾತರ ಕೇಳ್ತಿತ್ತು! ಕಿವಿ ಬರೋಬ್ಬರಿ ಅದಾವ ದುರುಗೀ. ಸೂಜಿ ಬಿಡಬ್ಯಾಡ."

ಎರಡು ತಿಂಗಳಾದರೂ ಗಿನಿಪಿಗ್‌ಗಳ ಕಿವಿಗಳೂ ಚಿಮ್ಮುತ್ತಲೇ ಇದ್ದವು. ಡಾಕ್ಟರಿಗೆ ತಲೆ ಕೆಟ್ಟು, ಒಂದು ಬೆಳಿಗ್ಗೆ ತಾವೇ ಬಂದು ನಿಂತರು. ಇವರು ಎಂದಿನಂತೆ ಕೋಲನ್ನು ನೆಲಕ್ಕೆ ಕುಟ್ಟಿ ಕರೆದರು. ಕುರಿಗಾರರಿಗೆ ಕೋಲು ಕುಟ್ಟದೆ ಕರೆಯಲು ಬಾಯಿಯೇ ಬರುವುದಿಲ್ಲ. ಗೂಡುಗಳಿದ್ದದ್ದು ನೆಲದ ಮೇಲೆ.

"ಪರಮಣ್ಣ, ಕೋಲು ಅತ್ತಾಗ ಇಡು. ಈಗ ಕರಿ."

ಹತ್ತರಲ್ಲಿ ಆರರ ಕಿವಿ ಮಿಸುಕಲಿಲ್ಲ.

"ಅವು ನಿನ್ನ ದನಿ ಕೇಳಿಲ್ಲೋ ಮಾರಾಯ. ನೆಲ ಅಲುಗಿದ್ದಕ್ಕ ಬೆದರ್‍ಯಾವ."

ಇವರು ಚಪ್ಪಲಿಯನ್ನೂ ಮೆಟ್ಟದೆ ಮನೆಗೆ ಓಡಿ ಬಂದರಂತೆ. ಹಿಂದೆ ನಿಂತು, ಕೋಲಿಲ್ಲದೆ, ಮೂರು ಸಲ ಕರೆದರಂತೆ. ನಾನು ಜೋಳದೊಳಗಿನ ಹರಳು ಆರಿಸುತ್ತಲೇ ಇದ್ದೆ. ಎದುರಿಗೆ ಬಂದು ಕುಸಿದಾಗಲೇ ನೋಡಿದ್ದು.

"ಏನ್ರೀ, ಕೆಲಸದಾಗಿಂದ ತಗದ್ರೇನ್?" ಎಂದೆ. ಅವರು ಅಳತೊಡಗಿದರು.

ಡಾಕ್ಟರು ಸೂಜಿ ನಿಲ್ಲಿಸಿ ಗುಳಿಗೆ ಕೊಟ್ಟರು. ಎದೆ ವಾಸಿಯಾಯಿತು. ಎಡಗಿವಿ ಅರ್ಧ ಉಳಿಯಿತು, ಬಲಗಿವಿ ಹೋಯಿತು. ಡಾಕ್ಟರು ಆ ಎಡಗಿವಿಗೆ ಬಾಗಿ, ಲೆಕ್ಕದ ಪುಸ್ತಕ ಬಿಚ್ಚಿಕೊಂಡು ಕೇಳಿದರು: "ಯಾವತ್ತಿಂದ ಕೇಳಿಸ್ತಿಲ್ಲ, ತಾಯಿ?"

ನನಗೇನು ಗೊತ್ತು? ಎದುರಿಗಿದ್ದವರ ತುಟಿ ನೋಡಿ ಮಾತು ತಿಳಿಯುತ್ತಿತ್ತು, ಅಷ್ಟು ಸಂಜೆ ತಿರುಗಿಯೂ ಇದ್ದೆನಲ್ಲ. "ಹುರ್ರ್, ಬಾ" ಎಂಬ ಮಾತೂ ನನಗೆ ನೆನಪಿದೆಯಲ್ಲ. ಅದು ಕೇಳಿದ್ದೋ, ನೆಲ ಹೇಳಿದ್ದೋ? ಡಾಕ್ಟರು ಪೆನ್ನು ಹಿಡಿದೇ ಕೂತರು.

"ಖರೇ ಹೇಳು," ಎಂದರು ಇವರು. "ನಾ ಕರದದ್ದು ಕೇಳಸ್ತಿತ್ತೋ ಇಲ್ಲೋ?"

"ಕೇಳಸ್ತಿತ್ತು ಅಂತನ ತಿಳಕೊಂಡಿದ್ನಲ್ರೀ," ಎಂದೆ.