ಮೊದಲು ಕೆಂಪಾದ ಗಿಡ

ಬೀಜದ ಪ್ಯಾಕೆಟ್ ಕಂಡರೆ ರಮೋನ್ಸಿಟಾ ಮಾಯೆಸ್ತಾಸಳಿಗೆ ಮೈ ಉರಿಯುತ್ತಿತ್ತು. ಮೇಲೊಂದು ಕೆಂಪು ಮೆಣಸಿನಕಾಯಿಯ ಚಿತ್ರ, ಕೆಳಗೆ ‘ಎಂಬತ್ತು ದಿನ’ ಎಂಬ ಸುಳ್ಳು. ಎಂಬತ್ತು ದಿನವಂತೆ! ಯಾವ ಊರಿನ ದಿನ? ಹಾಗೆ ಬರೆದ ಪುಣ್ಯಾತ್ಮ ನ್ಯೂ ಮೆಕ್ಸಿಕೋದ ಈ ಬೆಟ್ಟದ ನೆತ್ತಿಗೆ, ಅಲಾಮಿಟೋಸಿಗೆ ಬಂದು, ಜುಲೈ ತಿಂಗಳಲ್ಲಿ ಒಂದು ರಾತ್ರಿ ಕಂಬಳಿಯಿಲ್ಲದೆ ಮಲಗಿ ನೋಡಲಿ. ಇಲ್ಲಿ ಮೇ ಕೊನೆಯವರೆಗೂ ಹಿಮ, ಸೆಪ್ಟೆಂಬರ್ ನಡುವಿಗೆ ಮತ್ತೆ ಹಾಜರು. ನಡುವೆ ಸಿಗುವ ನೂರು ಚಿಲ್ಲರೆ ದಿನಗಳಲ್ಲಿ ಗಿಡ ಮೇಲೆದ್ದು, ಹೂಬಿಟ್ಟು, ಕಾಯಿ ಕಟ್ಟಿ, ಕೆಂಪಾಗಬೇಕು. ಇದೇನು ಮಕ್ಕಳಾಟವೇ?

ಊರಿನವರಿಗಂತೂ ಮಕ್ಕಳಾಟವೇ. ಮಾರ್ಚ್ ಬಂತೆಂದರೆ ಕಿಟಕಿಯಲ್ಲಿ ಪ್ಲಾಸ್ಟಿಕ್ ಲೋಟ ಸಾಲಾಗಿಟ್ಟು, ಬಿಳಿಚಿಕೊಂಡ ಸಸಿಗಳಿಗೆ ಎಳೆಗೂಸಿಗೆ ಕುಡಿಸಿದ ಹಾಗೆ ನೀರು ಕುಡಿಸುತ್ತಿದ್ದರು. ಅವೆಲ್ಲ ದಕ್ಷಿಣದ ಬಿಸಿಲು ಬಯಲಿನ ಉದ್ದನೆಯ ತಳಿ. ನೋಡಲು ಚೆಂದ, ನಿಜ. ಆದರೆ ಈ ಎತ್ತರದಲ್ಲಿ ಅದು ಕೆಂಪಾದದ್ದನ್ನು ಕಂಡವರಿಲ್ಲ. ಹಸಿರನ್ನೇ ಸುಟ್ಟು ತಿಂದು, ಚಳಿಗಾಲಕ್ಕೆ ಬೇಕಾದ ಕೆಂಪು ಪುಡಿಯನ್ನು ಅಂಗಡಿಯಿಂದ ತರುತ್ತಿದ್ದರು. ಮೆಣಸಿನಕಾಯಿ ಬೆಳೆಯುವವರು ಮೆಣಸಿನಪುಡಿ ಕೊಳ್ಳುವುದೆಂದರೆ! ಥೂ.

ರಮೋನ್ಸಿಟಾಳದು ಅವಳ ಅಮ್ಮನ ಕೈಯಿಂದ ಬಂದ ತಳಿ. ಬೆರಳುದ್ದ, ಸೊಟ್ಟ, ಮೈಯೆಲ್ಲ ಸುಕ್ಕು. ಲೋಟ ಗೀಟ ಏನೂ ಬೇಡ, ಮೇ ತಿಂಗಳಲ್ಲಿ ನೇರ ಮಣ್ಣಿಗೆ ಬಿತ್ತಿದರೆ ಆಗಸ್ಟ್ ಕೊನೆಗೆ ಹೊಲ ಕೆಂಪಾಗುತ್ತಿತ್ತು. ಯಾವ ಗಿಡ ಎಲ್ಲಕ್ಕಿಂತ ಮೊದಲು ಕೆಂಪಾಗುತ್ತದೋ ಅದಕ್ಕೆ ಬಟ್ಟೆಯ ಚಿಂದಿ ಕಟ್ಟುವುದು ಅಮ್ಮನ ಪದ್ಧತಿ. ಆ ಗಿಡದ ಕಾಯಿಯನ್ನು ಯಾರೂ ಮುಟ್ಟುವಂತಿಲ್ಲ, ಅದು ಬೀಜಕ್ಕೆ ಮೀಸಲು. ಪ್ರತಿ ವರ್ಷ ಹೊಸ ಬೀಜ. ಬಿತ್ತಿ ಉಳಿದದ್ದು ಕೋಳಿಗಳಿಗೆ. ಗಂಡ ತೀರಿಕೊಂಡ ವಾರವೂ ರಮೋನ್ಸಿಟಾ ಕಪ್ಪು ಬಟ್ಟೆಯಲ್ಲೇ ಹೊಲಕ್ಕಿಳಿದು ಚಿಂದಿ ಕಟ್ಟಿ ಬಂದಿದ್ದಳು.

ಈ ಊರಿನಲ್ಲಿ ಬೀಜಕ್ಕೆ ಬೆಲೆ ಕಟ್ಟುವುದಿಲ್ಲ. ಬೇಕಾದವರು ಬೆಳೆದವರ ಅಡುಗೆಮನೆಗೆ ಹೋಗಿ, ಕೂತು, ಬಾಯಿಬಿಟ್ಟು ಕೇಳಬೇಕು. ಕೇಳಿದವರಿಗೆ ಇಲ್ಲ ಎನ್ನಬಾರದು. ರಮೋನ್ಸಿಟಾ ಮಾತ್ರ ಇಲ್ಲ ಎನ್ನುತ್ತಿದ್ದಳು.

“ನಿಮ್ಮ ಕೈಗಾ? ನಾಲ್ಕು ದಿನಕ್ಕೆ ಅದನ್ನ ಗೂಳಿ ಕೊಂಬು ಮಾಡಿಟ್ಟಿರ್ತೀರ. ದೊಡ್ಡದು ಕಂಡ್ರೆ ಬಾಯಿ ಬಿಡೋ ಜನ ನೀವು. ಏಳಿ, ಏಳಿ, ಕಾಫಿ ಕುಡಿದಿದ್ದಾಯ್ತಲ್ಲ.”

ಕ್ರಮೇಣ ಯಾರೂ ಕೇಳದಾದರು. ಆ ತಳಿ ಉಳಿದಿರುವುದು ತನ್ನೊಬ್ಬಳ ಹೊಲದಲ್ಲಿ ಎಂದು ಅವಳ ಲೆಕ್ಕ. ಅದೂ ಅವಳಿಗೊಂದು ಹೆಮ್ಮೆ.

ಬೇಲಿಯಾಚೆ ತಂಗಿ ಎಲೋಯ್ಸಾಳ ಮನೆ. ಎಲೋಯ್ಸಾಳ ಗಂಡ ಡೆಲ್ಫಿನೊ ಲೇಬಾ ಮಹಾ ಕುಚೋದ್ಯದ ಮನುಷ್ಯ. ಅವನ ಮನೆಯ ಮುಂದೆಯೂ ಅದೇ ಉದ್ದನೆಯ ತಳಿ, ಸಾಲಿಗೆ ಸಾಲು. ಒಂದು ಭಾನುವಾರ ಪೂಜೆ ಮುಗಿದು ಎಲ್ಲರೂ ಇಗರ್ಜಿಯ ಅಂಗಳದಲ್ಲಿ ನಿಂತಿದ್ದಾಗ ಅವನು ಶುರುಮಾಡಿದ.

“ಅತ್ತಿಗೆ, ನೀವು ಗೋಡೆಗೆ ಒಣಗಾಕಿರೋ ಮೆಣಸಿನಕಾಯಿ ಸರ ನೋಡಿ ನಮ್ಮನೆ ಬೆಕ್ಕು ಇಲಿ ಬಾಲ ಅಂತ ಹಾರ್ತು. ಪಾಪ, ಬೆಳಗ್ಗಿಂದ ನೀರಿನ ತೊಟ್ಟಿ ಬಿಟ್ಟು ಕದಲ್ತಾ ಇಲ್ಲ!”

ಊರಿಗೆ ಊರೇ ನಕ್ಕಿತು. ಪಾದ್ರಿ ಆಚೆ ತಿರುಗಿ ನಿಂತರು, ಅವರ ಭುಜ ಕುಲುಕುತ್ತಿತ್ತು.

“ನಿನಗಿಂತ ನಿನ್ನ ಬೆಕ್ಕಿಗೇ ರುಚಿ ಗೊತ್ತು ಬಿಡು,” ಎಂದು ರಮೋನ್ಸಿಟಾ ತಿರುಗಿಸಿ ಕೊಟ್ಟಳು. ಆದರೆ ಮಾತು ನಾಟಿತ್ತು. ಎಪ್ಪತ್ತು ದಾಟಿದ ಹೆಂಗಸು ಒಬ್ಬ ಕೋಡಂಗಿಯ ಮಾತಿಗೆ ನಿದ್ದೆಗೆಡುವುದೇ? ಕೆಟ್ಟಳು.

ಆ ಆಗಸ್ಟಿನಲ್ಲಿ ಚಿಂದಿ ಹಿಡಿದು ಹೊಲಕ್ಕೆ ಹೋದವಳು ಮೊದಲು ಕೆಂಪಾದ ಗಿಡವನ್ನು ದಾಟಿಕೊಂಡು ಮುಂದೆ ನಡೆದಳು. ಎಲ್ಲಕ್ಕಿಂತ ದಪ್ಪ, ನೆಟ್ಟಗಿನ ಕಾಯಿ ಬಿಟ್ಟ ಗಿಡಕ್ಕೆ ಕಟ್ಟಿದಳು. ಒಂದೇ ವರ್ಷ, ಅವನ ಬಾಯಿ ಮುಚ್ಚಿಸುವಷ್ಟು, ಎಂದುಕೊಂಡಳು. ಮರುವರ್ಷ ಕಾಯಿ ತುಸು ದೊಡ್ಡದಾಗಿ, ಒಂದು ವಾರ ತಡವಾಗಿ ಕೆಂಪಾಯಿತು. ಅದರ ಮರುವರ್ಷ ಇನ್ನೂ ದೊಡ್ಡದು, ಇನ್ನೂ ತಡ. ಸರ ನೋಡಿದವರು ಹೊಗಳಿದರು. ಹೊಗಳಿಕೆ ಸಿಹಿಯಾಗಿತ್ತು. ಜಗತ್ತಿಗೆಲ್ಲ ಬುದ್ಧಿ ಹೇಳುವ ಬಾಯಿ ಮನೆಯೊಳಗೆ ಮೂಕವಾಗಿ ಕೂತಿತ್ತು.

ನಾಲ್ಕನೆಯ ವರ್ಷ ಸೆಪ್ಟೆಂಬರ್ ಹನ್ನೆರಡರ ಬೆಳಿಗ್ಗೆ ಬಾಗಿಲು ತೆರೆದರೆ ಹೊಲವೆಲ್ಲ ಬೆಳ್ಳಗೆ. ಹತ್ತು ಗಂಟೆಯ ಬಿಸಿಲಿಗೆ ಎಲೆಗಳು ಕಪ್ಪಾಗಿ ಜೋತವು. ಗೇಣುದ್ದದ ಕಾಯಿಗಳು ಹಸಿರಾಗಿಯೇ ಮೆತ್ತಗಾಗಿ ನೀರೊಸರಿದವು. ಅವಳು ಒಂದೊಂದೇ ಸೀಳಿ ನೋಡಿದಳು. ಒಳಗೆ ಬರೀ ಬಿಳಿಯ ಎಳೆ ಬೀಜ, ಮೊಳೆಯುವಂಥದ್ದು ಒಂದೂ ಇಲ್ಲ. ಡಬ್ಬಿಯೂ ಖಾಲಿ, ಹಿಂದಿನ ವರ್ಷದ್ದನ್ನು ಕೋಳಿಗಳು ಎಂದೋ ತಿಂದು ಮುಗಿಸಿದ್ದವು. ಅಮ್ಮನ ತಳಿ ಅವಳ ಕೈಯಲ್ಲೇ ಮುಗಿದುಹೋಯಿತು. ಬೈಯಲು ಯಾರೂ ಸಿಗದೆ ಸಾಲಿನ ನಡುವೆ ಕುಕ್ಕರಿಸಿ ಕೂತು ಅತ್ತಳು.

ಸುದ್ದಿ ತಿಳಿದು ಎಲೋಯ್ಸಾ ಒಂದು ಬಟ್ಟಲು ಬೀನ್ಸ್, ಮೇಲೆ ಕೆಂಪು ಮೆಣಸಿನ ಸಾರು ಹಾಕಿ ತಂದಿಟ್ಟಳು. ಮೊದಲ ತುತ್ತಿಗೇ ರಮೋನ್ಸಿಟಾ ಚಮಚ ಕೆಳಗಿಟ್ಟಳು. ಎಪ್ಪತ್ತು ವರ್ಷ ತಿಂದ ಖಾರವನ್ನು ನಾಲಗೆ ಮರೆಯುವುದುಂಟೆ?

“ಇದು ಅಂಗಡೀದಲ್ಲ. ಎಲ್ಲಿಂದ ಬಂತು?”

“ನನ್ನನ್ನ ಕೇಳ್ಬೇಡ ಅಕ್ಕ. ಬೆಳೆದೋರನ್ನ ಕೇಳು.”

ರಮೋನ್ಸಿಟಾ ಶಾಲು ಹೊದ್ದು ಬೇಲಿಯಾಚೆಯ ಮನೆಗೆ ಹೊರಟಳು. ಡೆಲ್ಫಿನೊ ಅಡುಗೆಮನೆಯ ಕುರ್ಚಿ ಎಳೆದು ಕೂರಿಸಿ, ಕಾಫಿ ಬಗ್ಗಿಸಿದ. ಹಿತ್ತಿಲ ಬಾಗಿಲಾಚೆ, ಕುರಿಕೊಟ್ಟಿಗೆಯ ಗೋಡೆಗೆ, ಸೊಟ್ಟ ಕಾಯಿಗಳ ಕೆಂಪು ಸರಗಳು ತೂಗುತ್ತಿದ್ದವು.

“ಯಾವಾಗಿಂದ?” ಎಂದಳು.

“ಮದುವೆ ಆದಾಗಿಂದ. ಎಲೋಯ್ಸಾ ಕರ್ಚೀಫಿನಲ್ಲಿ ಕಟ್ಕೊಂಡು ಬಂದಿದ್ಳು.”

“ಮತ್ತೆ ಮನೆ ಮುಂದಿರೋ ಆ ದರಿದ್ರ?”

“ಅದು ಸಾಂತಾ ಫೇಯಿಂದ ಬರೋ ನೆಂಟರಿಗೆ. ನಮ್ಮ ಹೊಟ್ಟೆಗೆ ಇದೇ.”

“ಬೀಜದ ಗಿಡ ಆರಿಸೋದು ಯಾರು ಕಲಿಸಿದ್ರು? ಎಲೋಯ್ಸಾಗೆ ಅಷ್ಟು ತಲೆ ಇಲ್ಲ.”

“ನೀವೇ.” ಡೆಲ್ಫಿನೊ ನಗಲಿಲ್ಲ. “ಮೂವತ್ತು ವರ್ಷದಿಂದ ಬೇಲಿ ಹತ್ರ ನಿಂತು ಊರನ್ನೆಲ್ಲ ಬೈತಾ ಇದ್ರಲ್ಲ, ದೊಡ್ಡದು ನೋಡ್ಬೇಡ್ರೋ, ಬೇಗ ಆಗಿದ್ದು ನೋಡ್ರೋ ಅಂತ. ನಾನು ಕಿವಿ ಮುಚ್ಕೊಂಡ್ರೂ ಕೇಳಿಸ್ತಿತ್ತು. ಊರಿಗೆಲ್ಲ ಕೇಳಿಸಿದ್ದು ನಿಮಗೊಬ್ರಿಗೆ ಯಾಕೆ ಅತ್ತಿಗೆ ಕೇಳಿಸ್ಲಿಲ್ಲ?”

ಅವಳು ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಪಕ್ಕಕ್ಕೆ ಸರಿಸಿದಳು. ಊರ ಪದ್ಧತಿಯಂತೆ ಅವಳೇ ಬಾಯಿಬಿಟ್ಟು ಕೇಳಲಿ ಎಂದು ಎದುರಿಗೆ ಕೂತವನು ಕಾದ. ಆ ಮಟ್ಟಿಗೆ ಅವನೂ ಕಟುಕನೇ.

“ಬೀಜ ಕೊಡಪ್ಪ,” ಎಂದಳು ಕೊನೆಗೆ.

ಅವನೆದ್ದು ಹೋಗಿ ಇಡೀ ಒಂದು ಸರ ತಂದು ಅವಳ ಮಡಿಲಿಗೆ ಹಾಕಿದ.

ಏಪ್ರಿಲಿನಲ್ಲಿ ಊರ ಕಾಲುವೆಯ ಹೂಳೆತ್ತುವ ದಿನ ಮನೆಗೊಬ್ಬ ಗಂಡಸು ಗುದ್ದಲಿ ಹಿಡಿದು ಬಂದಿದ್ದ. ಮಧ್ಯಾಹ್ನ ಹೆಂಗಸರು ಊಟ ತಂದರು. ರಮೋನ್ಸಿಟಾಳ ಪಾತ್ರೆಯಲ್ಲಿ ಕೆಂಪು ಸಾರು ಕಂಡು ಕಾಲುವೆಯ ಮೇಸ್ತ್ರಿ ಬೇಕೆಂದೇ ಕೆಣಕಿದ.

“ಹಿಮ ಎಲ್ಲರದ್ದೂ ತಿಂದ್ರೂ ನಿಮ್ಮದು ಮಾತ್ರ ಮುಟ್ಟೋದಿಲ್ಲ, ಅಲ್ವೇ ಅಮ್ಮ?”

ಹೌದೆಂದರೆ ಮುಗಿದುಹೋಗುತ್ತಿತ್ತು. ಡೆಲ್ಫಿನೊ ಕಾಲುವೆಯೊಳಗೇ ಗುದ್ದಲಿಯೂರಿ ನಿಂತು ಅವಳನ್ನೇ ನೋಡುತ್ತಿದ್ದ.

“ನನ್ನದೂ ತಿಂತು,” ಎಂದಳು ರಮೋನ್ಸಿಟಾ, ಅಷ್ಟೂ ಜನಕ್ಕೆ ಕೇಳುವ ಹಾಗೆ. “ದೊಡ್ಡದಕ್ಕೆ ಆಸೆಪಟ್ಟು ಕೆಟ್ಟೆ. ಇದು ಡೆಲ್ಫಿನೊ ಬೆಳೆದಿದ್ದು. ಅವನು ಬೆಳೀದೇ ಹೋಗಿದ್ರೆ ನಮ್ಮಮ್ಮನ ಬೀಜ ಸತ್ತೇಹೋಗ್ತಿತ್ತು.”

ಯಾರೂ ನಗಲಿಲ್ಲ. ಅವಳು ಸೌಟು ತೆಗೆದುಕೊಂಡು ಮೊದಲ ತಟ್ಟೆಯನ್ನು ಡೆಲ್ಫಿನೊಗೆ ಬಡಿಸಿದಳು.