ಕಾದಂಬರಿಯ ಜತೆ ಬೀದಿಯ ಸುದ್ದಿ

ಬೆಳಗಿನ ಐದೂ ಮುಕ್ಕಾಲು. ಬಸ್ ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂರುತ್ತಾರೆ, ಏಳುತ್ತಾರೆ, ಮತ್ತೆ ಕೂರುತ್ತಾರೆ. ಹಲಗೆ ಅಲ್ಲಾಡಿಸಿ ನೋಡುತ್ತಾರೆ. ಎಡಗಡೆಯ ಮೊಳೆಯ ಮೇಲೆ ಎರಡೆರಡು ಸಲ ಬೆರಳಾಡಿಸುತ್ತಾರೆ. ಮೊದಲ ಬಸ್ಸು ಬಂದು ನಿಂತು, ಇವರು ಹತ್ತುವ ಪೈಕಿಯಲ್ಲ ಎಂದು ಗೊತ್ತಾಗಿ ಹೊರಟುಹೋಗುತ್ತದೆ.

ಬೆಂಚು ಇದೆಯೋ ಇಲ್ಲವೋ ಎಂದು ದಿನಾ ನೋಡುವುದು ಯಾರ ಕೆಲಸವೂ ಅಲ್ಲ. ಬಡಾವಣೆಯ ಗ್ರಂಥಾಲಯದ ಈ ಸಹಾಯಕಿ ಅದನ್ನು ತಮ್ಮ ಕೆಲಸ ಮಾಡಿಕೊಂಡಿದ್ದಾರೆ.

ಮನೆಬಿಟ್ಟು ಬರಲಾಗದ ಇಪ್ಪತ್ತಾರು ಓದುಗರಿಗೆ ಹತ್ತೊಂಬತ್ತು ವರ್ಷದಿಂದ ಸೈಕಲ್ಲಿನಲ್ಲಿ ಪುಸ್ತಕ ಮುಟ್ಟಿಸುತ್ತಿರುವವರು ಇವರು. ಪ್ರತಿ ಕಾದಂಬರಿಯೊಳಗೂ ಒಂದು ಚೀಟಿ ಇರುತ್ತದೆ. ಔಷಧಿ ಅಂಗಡಿಯ ಮೆಟ್ಟಿಲು ತೆಗೆದು ಇಳಿಜಾರು ಮಾಡಿದರು, ಹಳೇ ಚಿತ್ರಮಂದಿರ ಕೆಡವಿದರು, ಮೂಲೆಯ ಹೊಲಿಗೆಯವನು ಈಗ ಮೊಬೈಲ್ ರಿಪೇರಿ ಮಾಡುತ್ತಾನೆ, ಇಂಥ ಸುದ್ದಿಗಳು. ಓದುಗರಿಗೆಲ್ಲ ಇವರು ‘ಚೀಟಿ ಅಕ್ಕ’.

“ನಮ್ಮಪ್ಪ ನಾಲ್ಕು ವರ್ಷ ಹಾಸಿಗೆ ಹಿಡಿದಿದ್ರು. ನಾನು ಹೊರಗಿಂದ ಬಂದ ತಕ್ಷಣ ‘ಏನಮ್ಮ ಹೊಸದು?’ ಅನ್ನೋರು. ‘ಏನಿಲ್ಲಪ್ಪ’ ಅಂದು ಒಳಗೆ ಹೋಗ್ಬಿಡ್ತಿದ್ದೆ. ಅದು ಈಗ್ಲೂ ಚುಚ್ಚುತ್ತೆ.”

ಆದರೆ ಕಳೆದ ತಿಂಗಳ ಆರಂಭದಲ್ಲಿ ಆ ಚೀಟಿಯೇ ಕೈಕೊಟ್ಟಿತು. ಎಪ್ಪತ್ತೊಂದು ವರ್ಷದ, ನಿವೃತ್ತ ಗಣಿತದ ಟೀಚರ್ ಒಬ್ಬರು ಸೊಂಟದ ಮೂಳೆ ಮುರಿದು ವರ್ಷವಿಡೀ ಮನೆಯೊಳಗೇ ಇದ್ದವರು. ಅವರ ಮನೆಯಿಂದ ಗ್ರಂಥಾಲಯಕ್ಕೆ, ಚೀಟಿ ಅಕ್ಕ ಎಣಿಸಿ ಬರೆದುಕೊಟ್ಟಂತೆ, ಆರುನೂರ ನಲವತ್ತು ಹೆಜ್ಜೆ. ನಡುವೆ ಕೂತು ಸುಧಾರಿಸಿಕೊಳ್ಳಲು ಇರುವುದು ಈ ಬೆಂಚೊಂದೇ. ‘ಬೆಂಚು ಇದೆ’ ಎಂಬ ಚೀಟಿ ನಂಬಿ ಅವರು ಕೋಲೂರಿಕೊಂಡು ಒಬ್ಬರೇ ಹೊರಟೇಬಿಟ್ಟರು. ಚೀಟಿ ನಾಲ್ಕು ದಿನ ಹಳೆಯದು. ಅಷ್ಟರಲ್ಲಿ ಪಾದಚಾರಿ ದಾರಿ ಅಗೆಯುವವರು ಬೆಂಚು ಕಿತ್ತು ಒಯ್ದಿದ್ದರು. ಯಾರೋ ಪುಣ್ಯಾತ್ಮರು ಆಟೋ ನಿಲ್ಲಿಸುವವರೆಗೆ ಟೀಚರ್ ಕಂಬ ತಬ್ಬಿ ನಿಂತಿದ್ದರು.

“‘ತಪ್ಪು ಲೆಕ್ಕ ಕೊಟ್ಟೆಯಲ್ಲಮ್ಮ. ನಾನಿನ್ನು ಹೊಸ್ತಿಲು ದಾಟಲ್ಲ. ಪುಸ್ತಕ ತಾ, ಚೀಟಿ ಬೇಡ’ ಅಂದ್ರು. ಭೂಮಿ ಬಾಯ್ಬಿಡಬಾರದಾ ಅನ್ನಿಸ್ತು ನಂಗೆ.”

ಅತ್ತು ಕೂರುವ ಜಾತಿಯವರಲ್ಲ ಇವರು. ತಿಂಗಳೊಳಗೆ ಟೀಚರನ್ನು ಮತ್ತೆ ಹೊರಗೆ ಕರೆತರಬೇಕೆಂದು ಪಟ್ಟು ಹಿಡಿದರು. ಬೆಂಚಿಗಾಗಿ ಪಾಲಿಕೆಯ ಕಚೇರಿಗೆ ಹನ್ನೊಂದು ಸಲ ಅಲೆದರು. “ಅಲ್ಲಿನ ಸಾಹೇಬ್ರು ನನ್ನ ಕಂಡ್ರೆ ಫೈಲಲ್ಲಿ ಮುಖ ಮುಚ್ಕೊಳ್ಳೋರು. ನಾನು ಎದುರಿಗೇ ಕೂತು ಕಾದಂಬರಿ ಓದ್ತಿದ್ದೆ. ಬೇಕಂತಲೇ ದಪ್ಪದ್ದೇ ತಗೊಂಡು ಹೋಗ್ತಿದ್ದೆ!” ಹನ್ನೆರಡನೇ ದಿನ ಬೆಂಚು ವಾಪಸ್ಸು ಬಂತು.

ಟೀಚರ್ ಮಾತಾಡುತ್ತಿದ್ದುದು ಕಥೆಯ ವಿಷಯ ಮಾತ್ರ. ಹಾಗಾಗಿ ಅವರಿಗೆ ಕೊಡುವ ಪ್ರತಿ ಕಾದಂಬರಿಯನ್ನೂ ಇವರು ಮೊದಲು ಓದಿ ಮುಗಿಸುತ್ತಿದ್ದರು, ತಿಂಗಳಿಗೆ ಎಂಟು. ಬಾಗಿಲಲ್ಲಿ ನಿಂತು, “ಇದ್ರಲ್ಲಿ ಅವಳು ಸ್ಟೇಷನ್ನಲ್ಲಿ ಕಾಯ್ತಾಳಲ್ಲ ಟೀಚರ್, ಅಂಥದ್ದೇ ಬೆಂಚು...” ಎಂದು ಶುರುಮಾಡಿದರೆ, “ಕಥೆ ಹೇಳು, ಸಾಕು” ಎಂದು ಬಾಯಿ ಮುಚ್ಚಿಸುತ್ತಿದ್ದರು.

ಎಂಟನೇ ಕಾದಂಬರಿಯಲ್ಲಿ ಚೀಟಿ ಅಕ್ಕ ಹದಿನಾಲ್ಕು ಬೆಳಗಿನ ಹದಿನಾಲ್ಕು ಚೀಟಿಗಳನ್ನು ದಾರದಲ್ಲಿ ಪೋಣಿಸಿಟ್ಟರು. ಒಂದೊಂದರಲ್ಲೂ ತಾರೀಕು, ಹೊತ್ತು, ‘ನಾನೇ ಕೂತು ನೋಡಿದ್ದೇನೆ’. ಲೆಕ್ಕ ಕೇಳಿದವರಿಗೆ ಲೆಕ್ಕವನ್ನೇ ಕೊಟ್ಟರು.

ಮೂರನೇ ದಿನ, ಗ್ರಂಥಾಲಯದ ಬಾಗಿಲಲ್ಲಿ ಕೋಲಿನ ಸದ್ದು. ಬೆವರೊರೆಸಿಕೊಳ್ಳುತ್ತ ಟೀಚರ್ ಮೇಜಿನ ಮೇಲೆ ಪುಸ್ತಕ ಇಟ್ಟರು. ಒಳಗೊಂದು ಚೀಟಿ, ದುಂಡನೆಯ ಅಕ್ಷರ: ‘ಬೆಂಚು ಇದೆ. ಎಡಗಡೆ ಮೊಳೆ ಎದ್ದಿದೆ, ಹೊಡೆಸು. ಹೆಜ್ಜೆ ಆರುನೂರ ಐವತ್ತೆರಡು, ನಲವತ್ತಲ್ಲ.’

“ಹತ್ತೊಂಬತ್ತು ವರ್ಷದಲ್ಲಿ ನಂಗೆ ಅಂತ ಬಂದ ಮೊದಲ್ನೇ ಚೀಟಿ ಇದು,” ಎನ್ನುತ್ತಾರೆ ಚೀಟಿ ಅಕ್ಕ. ಆ ಚೀಟಿ ಅವರ ಗುರುತಿನ ಚೀಟಿಯ ಹಿಂದೆಯೇ ಇದೆ. ಮೊಳೆ ಅಂದೇ ಹೊಡೆಸಿದ್ದಾಗಿದೆ.

ಮುಂದೇನು ಆಸೆ ಎಂದರೆ ಸೈಕಲ್ ಹತ್ತುತ್ತಲೇ ಹೇಳುತ್ತಾರೆ: “ಹೊರಗೆ ಬರೋ ಮನಸ್ಸಿರೋರು ಇನ್ನೂ ನಾಲ್ಕು ಜನ ಇದ್ದಾರೆ. ಅವರ ಮನೆಯಿಂದ್ಲೂ ಹೆಜ್ಜೆ ಎಣಿಸ್ಬೇಕು. ಟೀಚರ್ ತಾವೂ ಬರ್ತಾರಂತೆ. ನನ್ನ ಎಣಿಕೆ ಮೇಲೆ ಅವ್ರಿಗೆ ನಂಬಿಕೆ ಇಲ್ವಂತೆ!”