ಬೆನ್ನ ಮೇಲಿನ ಊರು

ಕೋವಿಡ್ ವಾರ್ಡಿನೊಳಗೆ ನಮಗೆ ಹೆಸರಿರಲಿಲ್ಲ, ಊರಿತ್ತು. ಬಿಳಿ ಕಿಟ್ ಹಾಕಿ, ಮಾಸ್ಕು, ಕನ್ನಡಕ ಬಿಗಿದುಕೊಂಡರೆ ಹೆತ್ತ ತಾಯಿಗೂ ನಮ್ಮ ಗುರುತು ಸಿಗುತ್ತಿರಲಿಲ್ಲ. ಅದಕ್ಕೇ ಒಳಗೆ ಹೋಗುವ ಮೊದಲು ಒಬ್ಬರ ಬೆನ್ನ ಮೇಲೆ ಇನ್ನೊಬ್ಬರು ಮಾರ್ಕರ್‌ನಿಂದ ಹೆಸರು ಬರೆಯಬೇಕಿತ್ತು. ನಮ್ಮ ಪಾಳಿಯಲ್ಲಿ ಒಂದೇ ಹೆಸರಿನವರು ಮೂವರಿದ್ದೆವು. ಹಾಗಾದರೆ ಊರನ್ನೇ ಬರೆಯೋಣ ಎಂದರು ನಮ್ಮ ಹಿರಿಯ ಸಿಸ್ಟರ್. ಅಂದಿನಿಂದ ಅವರು ಕೋಟನೂರ, ನಾನು ಕಮಲಾಪುರ. ಎಲ್ಲರ ಬೆನ್ನ ಮೇಲೂ ಬರೆಯುವವರು ಅವರೇ. ಊರಿಂದ ಅಲ್ಲಿಯ ಹೆಸರುವಾಸಿ ಕೆಂಪು ಬಾಳೆಹಣ್ಣು ತರದವಳಿಗೆ ಸಣ್ಣ ಅಕ್ಷರವೇ ಸಾಕು ಎಂದು ನನ್ನನ್ನು ರೇಗಿಸುತ್ತ, ಕಚಗುಳಿಯಾಗುವಷ್ಟು ನಿಧಾನವಾಗಿ ಬರೆಯುತ್ತಿದ್ದರು.

ನಾನು ಕಲಬುರಗಿಯ ಆ ಆಸ್ಪತ್ರೆಗೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಸಲೈನ್ ಸೂಜಿ ಹಾಕುವುದರಲ್ಲಿ ನನ್ನ ಕೈ ಬಲು ಚಲೋ ಎಂಬ ಜಂಬವಿತ್ತು. ಜೋಡಿ ಗ್ಲೌಸು ಅದನ್ನು ಪೂರ್ತಿ ಇಳಿಸಿತು. ಬೆರಳಿಗೆ ನರ ತಾಗುತ್ತಿರಲಿಲ್ಲ, ಕನ್ನಡಕದೊಳಗೆ ನನ್ನದೇ ಉಸಿರು ಮಂಜುಗಟ್ಟುತ್ತಿತ್ತು. ಸೂಪರ್ ಮಾರ್ಕೆಟ್ ಎಂಬ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಹಿರಿಯರೊಬ್ಬರ ಎರಡೂ ಕೈಗಳನ್ನು ಚುಚ್ಚಿ ಚುಚ್ಚಿ ನೀಲಿ ಮಾಡಿಬಿಟ್ಟೆ. ಪಾಪ, ಅವರು ಬೈಯಲಿಲ್ಲ. ಮುಖ ಆ ಕಡೆ ಹೊರಳಿಸಿ, ಬೇರೆ ಯಾರನ್ನಾದರೂ ಕರೆಯಮ್ಮ ಎಂದರು, ಅಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಂದಿನಿಂದ ಸೂಜಿ ಹಿಡಿದರೆ ಸಾಕು, ಕೈ ನಡುಗತೊಡಗಿತು. ಸೂಜಿ ಹಾಕುವ ಕೆಲಸ ಬಂದಾಗಲೆಲ್ಲ ಆಕ್ಸಿಜನ್ ನೋಡಬೇಕೆಂಬ ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ. ಇತ್ತ ಕಮಲಾಪುರದಿಂದ ಅವ್ವ ದಿನಾ ಫೋನ್ ಮಾಡಿ, ಬಿಟ್ಟು ಬಾ ಎಂದು ಅಳುತ್ತಿದ್ದಳು. ನಾನು ಆಸ್ಪತ್ರೆಯಲ್ಲಿ ಇದ್ದೇನೆಂದು ಓಣಿಯವರು ನಮ್ಮ ಮನೆ ಮುಂದೆ ಹಾಯುವುದನ್ನೇ ಬಿಟ್ಟಿದ್ದರಂತೆ. ನಾನು ಆ ಮನೆಯ ಹೊಸ್ತಿಲು ತುಳಿದು ತಿಂಗಳುಗಳಾಗಿದ್ದವು! ಅವರ ಬುದ್ಧಿಗಿಷ್ಟು ಬೆಂಕಿ ಹಾಕ ಎಂದು ಸಿಟ್ಟು ಬಂದರೂ ಮನಸ್ಸು ಅವ್ವನ ಕಡೆಗೇ ವಾಲಿತ್ತು. ಸೂಜಿ ಹಾಕಲು ಬಾರದ ನರ್ಸು ಇದ್ದರೆಷ್ಟು, ಬಿಟ್ಟರೆಷ್ಟು? ಕೆಲಸ ಬಿಡುತ್ತೇನೆ ಎಂದು ಕೋಟನೂರ ಅಕ್ಕನಿಗೆ ಹೇಳಿಯೇಬಿಟ್ಟೆ.

ಅಕ್ಕ ಸಮಾಧಾನ ಹೇಳುವ ಪೈಕಿ ಅಲ್ಲ. ಕಿಟ್ ಹಾಕುವ ಕೋಣೆಯಲ್ಲಿ ತಮ್ಮ ಅಂಗಿಯ ತೋಳು ಮೇಲಕ್ಕೆ ಮಡಚಿ, ಗ್ಲೌಸು ಹಾಕಿದ್ದ ನನ್ನ ಮುಂದೆ ಎಡಗೈ ಚಾಚಿದರು.

"ಬಿಡೂದು ಆಮ್ಯಾಲ ಬಿಡವಂತಿ. ಕಣ್ಣು ಮುಚ್ಚಿ ಇದರಾಗ ನರ ಹುಡುಕು."

ಹುಡುಕಿದೆ, ಸಿಗಲಿಲ್ಲ. ಉಂಗುರ ಬೆರಳು ಬಳಸು, ಅದು ಉಳಿದವುಗಳಷ್ಟು ದುಡಿದಿಲ್ಲ, ಚರ್ಮ ಮೆತ್ತಗಿರುತ್ತದೆ ಎಂದರು. ಒತ್ತು, ಬಿಡು, ಎರಡು ಸಲ ತಟ್ಟು, ಮತ್ತೆ ಒತ್ತು. ಅಂದಿನಿಂದ ಪ್ರತಿ ಪಾಳಿಯ ಮೊದಲು ಇದೇ ನಡೆಯಿತು. ಕಿಟ್ಟಿನೊಳಗೆ ಬೇಯುತ್ತ ನಿಂತ ಉಳಿದವರು, ಇಬ್ಬರೂ ಭವಿಷ್ಯ ನೋಡಿಕೊಳ್ಳುತ್ತಿದ್ದಾರೆ ಎಂದು ನಗುತ್ತಿದ್ದರು. ಕೆಲವೇ ದಿನಗಳಲ್ಲಿ ಎರಡು ಪದರ ರಬ್ಬರಿನ ಮೇಲಿಂದಲೂ ಅಕ್ಕನ ನರ ನನ್ನ ಬೆರಳಿಗೆ ಸಿಗತೊಡಗಿತು. ಇನ್ನು ಸೂಜಿ ಹಿಡಿದು ನೋಡುವುದು ನಾಳೆ ಎಂದರು.

ಮರುದಿನ ಅಕ್ಕ ಡ್ಯೂಟಿಗೆ ಬರಲಿಲ್ಲ. ಜ್ವರ ಬಂದಿತ್ತು. ಆಮೇಲೆ ಒಂದು ಮಧ್ಯಾಹ್ನ ಅವರನ್ನು ನಮ್ಮ ವಾರ್ಡಿಗೇ ತಂದು ಮಲಗಿಸಿದ್ದಾರೆಂದು ಕಿಟ್ ಹಾಕುವ ಕೋಣೆಯಲ್ಲಿ ಸುದ್ದಿ ಸಿಕ್ಕಿತು. ಯಾರೋ ಮಾರ್ಕರ್ ಹಿಡಿದು ಬಂದರು. ಬೇಡ ಎಂದು ಬೆನ್ನು ಗೋಡೆಗೆ ಕೊಟ್ಟು ನಿಂತೆ. ಅಕ್ಕನಿಗೆ ಸೂಜಿ ಹಾಕುವ ಕೆಲಸ ನನ್ನ ಪಾಲಿಗೆ ಬಂದು, ನಾನು ತಪ್ಪಿದರೆ, ತಪ್ಪಿದವಳು ಯಾರೆಂದು ಅವರಿಗೆ ತಿಳಿಯಬಾರದು. ಅಷ್ಟು ಹೇಡಿಯಾಗಿದ್ದೆ.

ಒಳಗೆ ಹೋದರೆ ಅಕ್ಕನ ಉಸಿರು ಕಿತ್ತುಕೊಂಡು ಬರುತ್ತಿತ್ತು. ಬಲಗೈಗೆ ಹಾಕಿದ್ದ ಸೂಜಿ ಕೆಟ್ಟು ಬಾವು ಬಂದಿತ್ತು, ಔಷಧಿ ನಿಂತುಹೋಗಿತ್ತು. ಹಿಂದಿನ ಪಾಳಿಯವರು ಮತ್ತೆ ಹಾಕಲು ನೋಡಿ ಸೋತಿದ್ದರು. ಡಾಕ್ಟರು ಪಕ್ಕದ ಹಾಸಿಗೆಯಲ್ಲಿ ಒಬ್ಬರ ಗಂಟಲಿಗೆ ನಳಿಕೆ ಇಳಿಸುತ್ತಿದ್ದರು. ಇವರಿಗೆ ಔಷಧಿ ಈಗಲೇ ಹೋಗಬೇಕು, ಸೂಜಿ ಹಾಕಿ ಎಂದು ತಿರುಗಿಯೂ ನೋಡದೆ ಕೂಗಿದರು. ಹತ್ತಿರ ಇದ್ದವಳು ನಾನೊಬ್ಬಳೇ. ಇಲ್ಲಿ ಯಾವ ನೆಪವೂ ನಡೆಯುವಂತಿರಲಿಲ್ಲ.

ಟ್ರೇ ತಂದೆ. ದನಿ ಗುರುತು ಹಿಡಿದಾರೆಂದು ತುಟಿ ಬಿಚ್ಚಲಿಲ್ಲ. ರಬ್ಬರ್ ಪಟ್ಟಿ ಬಿಗಿದು, ನಾನು ನರ ಹುಡುಕಲು ಕಲಿತಿದ್ದ ಅದೇ ಎಡಗೈ ಹಿಡಿದೆ. ಹಿಂದಿನ ಪಾಳಿಯವರು ಚುಚ್ಚಿ ಊದಿದ ಕೈ, ಕಣ್ಣಿಗೆ ಒಂದು ಗೆರೆಯೂ ಕಾಣದು. ಕನ್ನಡಕ ಮಂಜಾಯಿತು. ಸರಿ, ಕಾಣದ ಮೇಲೆ ನೋಡುವುದೇನು ಎಂದು ಕಣ್ಣು ಮುಚ್ಚಿದೆ. ಉಂಗುರ ಬೆರಳಿನಿಂದ ಒತ್ತಿದೆ, ಬಿಟ್ಟೆ, ಎರಡು ಸಲ ತಟ್ಟಿದೆ.

ಆಕ್ಸಿಜನ್ ಮಾಸ್ಕಿನೊಳಗಿಂದ ಮಾತು ತುಂಡು ತುಂಡಾಗಿ ಬಂತು.

"ಕಮಲಾಪುರ... ನೀ ಏನು?"

ಹೌದೆಂದು ತಲೆಯಾಡಿಸಿದೆ. ಅಷ್ಟು ಹೊತ್ತು ನೋವಿಗೆ ಬಿಗಿದುಕೊಂಡಿದ್ದ ಅವರ ಕೈ ನನ್ನ ಅಂಗೈಯಲ್ಲಿ ಸಡಿಲಾಯಿತು. ಆ ಬಟ್ಟೆ ಅಂಗಡಿಯವರು ಮುಖ ಹೊರಳಿಸಿದ್ದರು, ಇವರು ನನ್ನತ್ತಲೇ ಮುಖ ಮಾಡಿ ಕಣ್ಣು ಮುಚ್ಚಿದರು. ಮತ್ತೆ ಒತ್ತಿದೆ. ಮೊಣಕೈಯ ಕೆಳಗೆ, ನನಗೆ ಪರಿಚಯವಿದ್ದ ಜಾಗದಲ್ಲೇ, ನರ ಬೆರಳಿಗೆ ತಾಗಿತು. ಸೂಜಿ ಇಳಿಸಿದೆ. ಅದರ ಹಿಂದಿನ ಕೊಳವೆಯಲ್ಲಿ ರಕ್ತ ಬಂದು ನಿಂತಿತು. ಪಟ್ಟಿ ಬಿಚ್ಚಿ ಔಷಧಿಯ ನಳಿಕೆ ಜೋಡಿಸಿದೆ.

ಟ್ರೇ ಇಡಲು ತಿರುಗಿದಾಗ ಅಕ್ಕ ನನ್ನ ಬೆನ್ನು ನೋಡಿದರು.

"ಊರು ಯಾಕ ಬರಸಿಲ್ಲ?"

"ಬರಿಯೋರು ನೀವ ಮಲಗೀರಲ್ರೀ ಅಕ್ಕಾ" ಎಂದೆ. ಅದು ಅರ್ಧ ಸುಳ್ಳು. ಅವರಿಗೂ ಗೊತ್ತಾಯಿತು ಅನ್ನಿಸುತ್ತದೆ, ಮಾಸ್ಕಿನೊಳಗೇ ನಕ್ಕರು.

ಅಕ್ಕ ಬದುಕಿ ಮನೆಗೆ ಹೋದರು. ಕೋಟನೂರಿನಿಂದ ತಿರುಗಿ ಡ್ಯೂಟಿಗೆ ಬರಲು ಬಹಳ ದಿನ ಹಿಡಿಯಿತು. ಅಲ್ಲಿಯವರೆಗೆ ಎಲ್ಲರ ಬೆನ್ನ ಮೇಲೆ ಊರು ಬರೆದವಳು ನಾನು. ಬರೆದು ಮುಗಿಸಿ ಮಾರ್ಕರ್ ಇನ್ನೊಬ್ಬರ ಕೈಗೆ ಕೊಟ್ಟು, ಬೆನ್ನು ತಿರುಗಿಸಿ, ಕಮಲಾಪುರ ಎಂದು ದೊಡ್ಡದಾಗಿ ಬರಿ ಎನ್ನುತ್ತಿದ್ದೆ.